ಹೊಸ ಕ್ಯಾಮೆರಾದ ರಾ ಫೈಲು, ಹಳೇ ಸಾಫ್ಟ್‌ವೇರು

ಕ್ಯಾನನ್ ಇಓಎಸ್ ಆರ್50 ಕ್ಯಾಮೆರಾದ ಕಾರ್ಡನ್ನು, ಅಡೋಬಿ ಕಂಪನಿಯ ಫೋಟೋ ತಿದ್ದುವ ಸಾಫ್ಟ್‌ವೇರಾದ ಲೈಟ್‌ರೂಮ್ 6 ಇರುವ ಕಂಪ್ಯೂಟರಿಗೆ ಹಾಕಿದರೆ ಜೆಪೆಗ್‌ಗಳೆಲ್ಲ ಸಲೀಸಾಗಿ ಬರುತ್ತವೆ. ಸಿಆರ್3 ಫೈಲುಗಳು, ಅಂದರೆ ಸೆನ್ಸರು ಅಳೆದದ್ದನ್ನು ಚಿತ್ರ ಮಾಡದೆ ಹಾಗೇ ಇಟ್ಟ ಕ್ಯಾನನ್‌ನ ರಾ ಫೈಲುಗಳು, ಬರುವುದಿಲ್ಲ. ಈ ಫೈಲು ತನಗೆ ಗೊತ್ತಿಲ್ಲ ಎಂದು ಹೇಳಿ ಸಾಫ್ಟ್‌ವೇರು ಕೈತೊಳೆದುಕೊಳ್ಳುತ್ತದೆ. ಕಾರ್ಡು ಹಾಳಾಯಿತೇನೋ, ಕ್ಯಾಮೆರಾದಲ್ಲೇ ದೋಷವೇನೋ ಎಂದು ಬಹಳ ಜನ ಗಾಬರಿಯಾಗುವುದು ಇಲ್ಲೇ. ಹಾಳಾದದ್ದು ಏನೂ ಇಲ್ಲ. ಲೈಟ್‌ರೂಮ್ 6ಕ್ಕೆ ಕೊನೆಯ ಅಪ್‌ಡೇಟು ಬಂದದ್ದು 2017ರ ಡಿಸೆಂಬರಿನಲ್ಲಿ, 6.14 ಎಂಬ ಆವೃತ್ತಿಯಾಗಿ. ಸಿಆರ್3 ಬಂದದ್ದು 2018ರಲ್ಲಿ, ಇಓಎಸ್ ಎಂ50 ಜೊತೆಗೆ. ಆರ್50 ಬಂದದ್ದು 2023ರಲ್ಲಿ. ತಾನು ನಿಂತುಹೋದ ಮೇಲೆ ಹುಟ್ಟಿದ ಫಾರ್ಮ್ಯಾಟು ಅದಕ್ಕೆ ತಿಳಿಯುವ ಬಗೆಯೇ ಇಲ್ಲ. ಫೋಟೋಶಾಪ್ ಸಿಎಸ್6 ಇಟ್ಟುಕೊಂಡವರದ್ದೂ ಇದೇ ಪಾಡು. ಅದರಲ್ಲಿ ರಾ ಫೈಲು ತೆರೆಯುವ ‘ಕ್ಯಾಮೆರಾ ರಾ’ ಎಂಬ ಭಾಗ 9.1.1ಕ್ಕೇ ನಿಂತಿದೆ.

ಇಲ್ಲಿಂದ ಮುಂದೆ ದಾರಿ ಹಲವು. ಯಾವ ದಾರಿ ಹಿಡಿದರೂ ಮೊದಲು ನಕಲು ಮಾಡಿಕೊಳ್ಳಬೇಕು, ಅದೂ ಸಾಫ್ಟ್‌ವೇರಿನ ಇಂಪೋರ್ಟ್ ಬಟನ್ ಮುಟ್ಟದೆ. ಹಳೇ ಸಾಫ್ಟ್‌ವೇರು ತನಗೆ ಗೊತ್ತಿರುವ ಜೆಪೆಗ್‌ಗಳನ್ನಷ್ಟೇ ಎಳೆದುಕೊಂಡು ರಾ ಫೈಲುಗಳನ್ನು ಕಾರ್ಡಿನಲ್ಲೇ ಬಿಡುತ್ತದೆ. ಎಲ್ಲ ಬಂತು ಅಂದುಕೊಂಡು ಕಾರ್ಡು ಫಾರ್ಮ್ಯಾಟ್ ಮಾಡಿದರೆ ಕಥೆ ಮುಗಿದಂತೆ. ಕಾರ್ಡ್ ರೀಡರಿನಲ್ಲಿ ಹಾಕಿ, ಚಿತ್ರಗಳಿರುವ ಡಿಸಿಐಎಂ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ಎಳೆಯಿರಿ. ಆಮೇಲೆ ಎರಡೂ ಕಡೆಯ ಫೈಲುಗಳ ಸಂಖ್ಯೆ, ಒಟ್ಟು ಬೈಟು ತಾಳೆ ನೋಡಿ. ಇನ್ನೊಂದು ಡಿಸ್ಕಿನಲ್ಲೂ ಒಂದು ಪ್ರತಿ ಬಿದ್ದ ಮೇಲೆಯೇ ಕಾರ್ಡು ಕ್ಯಾಮೆರಾಕ್ಕೆ ವಾಪಸ್ಸು ಹೋಗಲಿ. ಫಾರ್ಮ್ಯಾಟನ್ನೂ ಕ್ಯಾಮೆರಾದೊಳಗೇ ಮಾಡಿ, ಕಂಪ್ಯೂಟರಿನಲ್ಲಿ ಬೇಡ.

ಫೋಲ್ಡರಿನ ಹೆಸರು ಕನ್ನಡದಲ್ಲಿ ಬರೆಯುವ ಅಭ್ಯಾಸವಿರುವವರು ಇದನ್ನು ಗಮನಿಸಬೇಕು. ವಿಂಡೋಸ್‌ನ ಎಕ್ಸ್‌ಪ್ಲೋರರಿಗೆ ಕನ್ನಡ ಹೆಸರು ತೊಂದರೆಯಲ್ಲ. ಫೈಲಿನೊಳಗಿನ ಮಾಹಿತಿ ಓದಲು ಕಮಾಂಡ್ ಸಾಲಿನಲ್ಲಿ ಓಡಿಸುವ ಎಕ್ಸಿಫ್‌ಟೂಲ್‌ಗೆ ಮಾತ್ರ ಫೈಲಿನ ಹೆಸರು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿದೆ ಎಂದು ಬಿಡಿಸಿ ಹೇಳದಿದ್ದರೆ ‘ಫೈಲು ಸಿಗಲಿಲ್ಲ’ ಎಂದು ಗೋಗರೆಯುತ್ತದೆ. ಮೂಲ ಫೈಲುಗಳಿರುವ ಫೋಲ್ಡರಿಗೆ ಬರೀ ದಿನಾಂಕದ ಅಂಕಿ ಇಟ್ಟು, ಕನ್ನಡ ಹೆಸರನ್ನು ಕೊನೆಯ ಜೆಪೆಗ್‌ಗಳ ಫೋಲ್ಡರಿಗೆ ಇಟ್ಟುಕೊಳ್ಳುವುದು ಸುಲಭ.

‘ನನ್ನ ಕಂಪ್ಯೂಟರಿನಲ್ಲಿ ರಾ ಓಪನ್ ಆಗುತ್ತದಲ್ಲ’ ಎನ್ನುವವರು ಬಹಳ ಸಲ ನೋಡುತ್ತಿರುವುದು ರಾ ಅಲ್ಲ. ಸಿಆರ್3 ಎಂಬುದು ಎಂಪಿ4 ವಿಡಿಯೋದ ವಂಶಕ್ಕೇ ಸೇರಿದ ಡಬ್ಬಿ. ಫೈಲನ್ನು ಅದರ ಬೈಟುಗಳನ್ನು ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಮೊದಲ ಸಾಲಿನಲ್ಲೇ ಸಿ, ಆರ್, ಎಕ್ಸ್ ಎಂಬ ಮೂರು ಅಕ್ಷರ ಕಾಣುತ್ತವೆ. ಫ್ಯೂಜಿಯ ರಾ ಫೈಲಾದ ಆರ್‌ಎಎಫ್ ಆದರೆ ಕಂಪನಿಯ ಹೆಸರೇ ದಪ್ಪಕ್ಷರದಲ್ಲಿ ಮೊದಲಿಗೆ ಸಿಗುತ್ತದೆ. ಸಿಆರ್3 ಡಬ್ಬಿಯೊಳಗೆ ಸೆನ್ಸರಿನ ದತ್ತಾಂಶದ ಜೊತೆ ಮೂರು ಜೆಪೆಗ್‌ಗಳೂ ಇರುತ್ತವೆ: 160×120 ಅಳತೆಯ ಪುಟ್ಟ ಚಿತ್ರ, 1620×1080 ಅಳತೆಯದ್ದೊಂದು, ಕೊನೆಗೆ ಪೂರ್ಣ ಅಳತೆಯದ್ದೊಂದು. ಫೋನಿನ ಗ್ಯಾಲರಿ, ಹಗುರವಾದ ವ್ಯೂವರುಗಳು ತೋರಿಸುವುದು ಇವುಗಳಲ್ಲಿ ಒಂದನ್ನು. ಕ್ಯಾಮೆರಾದ ಹಿಂಬದಿಯ ಪರದೆ, ಅಲ್ಲಿ ಮೂಡುವ ಹಿಸ್ಟೋಗ್ರಾಮು (ಬೆಳಕಿನ ಹಂಚಿಕೆಯ ನಕ್ಷೆ) ಕೂಡ ಜೆಪೆಗ್‌ನದ್ದೇ. ಪರದೆಯಲ್ಲಿ ಆಕಾಶ ಬೆಳ್ಳಗೆ ಸುಟ್ಟುಹೋದಂತೆ ಮಿನುಗಿದರೂ ರಾದಲ್ಲಿ ಮೋಡದ ವಿವರ ಉಳಿದಿರುತ್ತದೆ ಎಂಬುದಕ್ಕೆ ಕಾರಣ ಇದು.

ಈ ಒಳಗಿನ ಜೆಪೆಗ್ ತುರ್ತಿಗೆ ಒದಗುತ್ತದೆ. ಬರೀ ರಾದಲ್ಲಿ ತೆಗೆದಿದ್ದೀರಿ, ಸಂಜೆಯೊಳಗೆ ಯಾರಿಗೋ ಚಿತ್ರ ಕಳಿಸಬೇಕು, ಸಾಫ್ಟ್‌ವೇರು ಫೈಲು ತೆರೆಯುತ್ತಿಲ್ಲ. ಆಗ ಎಕ್ಸಿಫ್‌ಟೂಲ್‌ನಿಂದ ಪೂರ್ಣ ಅಳತೆಯ ಜೆಪೆಗ್ಗನ್ನು ಹೊರಗೆಳೆಯಬಹುದು. ಇಡೀ ಫೋಲ್ಡರಿಗೆ ಒಂದೇ ಕಮಾಂಡು, ಪರಿವರ್ತನೆಯೇನೂ ನಡೆಯದ ಕಾರಣ ಕ್ಷಣದಲ್ಲಿ ಮುಗಿಯುತ್ತದೆ. ಎಲ್ಲ ಕಂಪನಿಗಳಲ್ಲೂ ಇದು ಸಿಗುವುದಿಲ್ಲ. ಸೋನಿಯ ಹಿಂದಿನ ಹಲವು ಮಾದರಿಗಳ ಎಆರ್‌ಡಬ್ಲ್ಯೂ ಎಂಬ ರಾ ಫೈಲಿನಲ್ಲಿ ಇರುವುದು 1616×1080ರ ಚಿತ್ರ ಮಾತ್ರ.

ಇನ್ನು ನಿಜವಾದ ರಾ ದತ್ತಾಂಶದ ವಿಚಾರ. ಆರ್50ರ ಚಿತ್ರ 6000×4000, ಅಂದರೆ 2.4 ಕೋಟಿ ಬಿಂದು. ಒಂದೊಂದು ಬಿಂದುವಿನಲ್ಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದೇ ಬಣ್ಣದ ಅಳತೆ. 14 ಬಿಟ್ ಆದರೆ ಆ ಅಳತೆ 0ಯಿಂದ 16383ರ ತನಕ ಹೋಗಬಹುದು, ಜೆಪೆಗ್‌ನಲ್ಲಿ ಅದು 255ಕ್ಕೇ ನಿಲ್ಲುತ್ತದೆ. ಒತ್ತಡವಿಲ್ಲದೆ (ಕಂಪ್ರೆಸ್ ಮಾಡದೆ) ಬರೆದರೆ ಒಂದು ಫೈಲು 42 ಎಂಬಿ. ಗುಣ ಕೆಡದಂತೆ ಒತ್ತಿದ ಮೇಲೆ ದೃಶ್ಯಕ್ಕೆ ತಕ್ಕಂತೆ ಅದಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ. ಈ ಅಂಕಿಗಳನ್ನು ಚಿತ್ರ ಮಾಡಬೇಕಾದರೆ ಸಾಫ್ಟ್‌ವೇರಿಗೆ ಆ ಮಾದರಿಯ ಬಗ್ಗೆ ನಾಲ್ಕು ಸಂಗತಿ ಗೊತ್ತಿರಬೇಕು. ಕತ್ತಲೆಗೆ ಯಾವ ಅಂಕಿ, ತುಂಬಿ ತುಳುಕಿದ ಬೆಳಕಿಗೆ ಯಾವ ಅಂಕಿ, ಸೆನ್ಸರಿನ ಅಂಚಿನಲ್ಲಿ ಎಷ್ಟು ಸಾಲು ಕತ್ತರಿಸಬೇಕು, ಈ ಸೆನ್ಸರಿನ ಕೆಂಪು ನಿಜಲೋಕದ ಯಾವ ಕೆಂಪು. ಕತ್ತಲೆ ಎಂದರೆ ಸೊನ್ನೆಯಲ್ಲ. ಕ್ಯಾನನ್‌ನ ಹಳೆಯ ಕೆಲವು ಮಾದರಿಗಳಲ್ಲಿ ಅದು 2048, ಈಚಿನ ಹಲವದರಲ್ಲಿ 512ರ ಆಸುಪಾಸು. ಹೊಸ ಮಾದರಿ ಬಂದಾಗಲೆಲ್ಲ ಈ ಅಂಕಿಗಳನ್ನು ಯಾರೋ ಅಳೆದು ಸಾಫ್ಟ್‌ವೇರಿನ ಪಟ್ಟಿಗೆ ಸೇರಿಸಬೇಕು. ಫಾರ್ಮ್ಯಾಟು ಹಳೆಯದೇ ಆದರೂ ಹೊಸ ಕ್ಯಾಮೆರಾದ ಫೈಲು ತೆರೆಯದಿರುವುದು ಇದಕ್ಕೆ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಅಂದಾಜಿನ ಮೇಲೆ ತೆರೆಯುವ ಸಾಫ್ಟ್‌ವೇರುಗಳಿವೆ. ಅವುಗಳಲ್ಲಿ ಏನು ತಪ್ಪಿದೆ ಎಂದು ಬಣ್ಣ ನೋಡಿಯೇ ಹೇಳಬಹುದು. ನೆರಳಿನ ಜಾಗವೆಲ್ಲ ಮಂಜು ಕವಿದಂತೆ ನೇರಳೆಗೆ ತಿರುಗಿದ್ದರೆ ಕತ್ತಲೆಯ ಅಂಕಿ ತಪ್ಪು. ಬಿಳಿ ಪಂಚೆ, ಟ್ಯೂಬ್‌ಲೈಟು, ಮೋಡ ಇವೆಲ್ಲ ಗುಲಾಬಿಯಾಗಿದ್ದರೆ ಬೆಳಕಿನ ಮೇಲ್ಮಿತಿ ತಪ್ಪು. ಗುಲಾಬಿಯೇ ಯಾಕೆ ಅಂದರೆ, ಹಗಲು ಬೆಳಕಿನಲ್ಲಿ ಸೆನ್ಸರಿನ ಹಸಿರು ಬಿಂದುಗಳು ಮೊದಲು ತುಂಬುತ್ತವೆ. ವೈಟ್ ಬ್ಯಾಲೆನ್ಸ್ ಸರಿಪಡಿಸಲು ಕೆಂಪನ್ನು ಹೆಚ್ಚುಕಡಿಮೆ ಎರಡು ಪಟ್ಟು, ನೀಲಿಯನ್ನು ಒಂದೂವರೆ ಪಟ್ಟು ಹೆಚ್ಚಿಸುತ್ತಾರೆ. ಹಸಿರು ಎಲ್ಲಿ ನಿಂತಿತು ಎಂದು ಗೊತ್ತಿಲ್ಲದೆ ಮಿಕ್ಕೆರಡನ್ನು ಎತ್ತಿದರೆ ಕೆಂಪು-ನೀಲಿ ಸೇರಿ ಗುಲಾಬಿ ಉಳಿಯುತ್ತದೆ. ರಾ ತೆರೆಯುವ ಮುಕ್ತ ಸಾಫ್ಟ್‌ವೇರುಗಳಾದ ರಾಥೆರಪಿಯ ರಾ ಟ್ಯಾಬಿನಲ್ಲಿ, ಡಾರ್ಕ್‌ಟೇಬಲಿನ ಕಪ್ಪು-ಬಿಳಿ ಬಿಂದುವಿನ ಮಾಡ್ಯೂಲಿನಲ್ಲಿ ಈ ಎರಡೂ ಅಂಕಿಗಳನ್ನು ಕೈಯಾರೆ ತಿದ್ದಬಹುದು. ಲೆನ್ಸಿಗೆ ಮುಚ್ಚಳ ಹಾಕಿ ಒಂದು, ನೇರ ಬಲ್ಬಿಗೆ ಗುರಿಯಿಟ್ಟು ಒಂದು ಚಿತ್ರ ತೆಗೆದರೆ ಅಂಕಿ ಎರಡೂ ಸಿಗುತ್ತವೆ.

ದಾರಿಗಳಿಗೆ ಬರೋಣ. ಹೊಸ ಕ್ಯಾಮೆರಾ ತಂದವರಿಗೆ ನನ್ನ ಸಲಹೆ, ಕಂಪನಿಯ ಸಾಫ್ಟ್‌ವೇರನ್ನು ಇಷ್ಟವಿಲ್ಲದಿದ್ದರೂ ಇನ್‌ಸ್ಟಾಲ್ ಮಾಡಿಕೊಳ್ಳಿ. ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ಗೆ 2021ರಲ್ಲಿ ಬಂದ ಎನ್‌ಎಕ್ಸ್ ಸ್ಟುಡಿಯೋ, ಸೋನಿಗೆ ಇಮೇಜಿಂಗ್ ಎಡ್ಜ್. ಎಲ್ಲವೂ ಉಚಿತ. ಕ್ಯಾನನ್‌ನದನ್ನು ಇಳಿಸಿಕೊಳ್ಳುವಾಗ ಕ್ಯಾಮೆರಾದ ತಳದಲ್ಲಿರುವ ಸೀರಿಯಲ್ ನಂಬರ್ ಕೇಳುವುದುಂಟು. ಇವು ನಿಧಾನ, ಕೆಲಸ ಮಾಡುವ ಕ್ರಮವೂ ಹಳತು. ಆದರೂ ಕಂಪನಿಯ ಬಣ್ಣ ಹೇಗಿರಬೇಕು, ಲೆನ್ಸಿನ ದೋಷ ಎಷ್ಟಿದೆ ಎಂಬುದನ್ನು ತೋರಿಸುವ ಅಳತೆಗೋಲು ಇದೇ. ಬೇರೆ ಸಾಫ್ಟ್‌ವೇರಿನಲ್ಲಿ ಬಣ್ಣ ಎಡವಟ್ಟಾದಾಗ ಯಾವುದು ಸರಿ ಎಂದು ನೋಡಲು ಏನಾದರೂ ಬೇಕಲ್ಲ. ಕ್ಯಾನನ್‌ನ ಆರ್ ಸರಣಿಯ ಕೆಲವು ಕ್ಯಾಮೆರಾಗಳಲ್ಲಿರುವ ‘ರಾ ಬರ್ಸ್ಟ್’ ಬಳಸಿದರೆ ಇದು ಬೇಕೇ ಬೇಕು. ಆ ಮೋಡಿನಲ್ಲಿ ಹತ್ತಾರು ಚಿತ್ರ ಒಂದೇ ಫೈಲಿನೊಳಗೆ ಕೂರುತ್ತವೆ. ಬಿಡಿಬಿಡಿಯಾಗಿ ಹೊರತೆಗೆಯಲು ಕಂಪನಿಯ ಸಾಫ್ಟ್‌ವೇರು ಅಥವಾ ಕ್ಯಾಮೆರಾವೇ ಬೇಕು. ಫ್ಯೂಜಿಯ ಎಕ್ಸ್ ರಾ ಸ್ಟುಡಿಯೋ ಇನ್ನೂ ಬೇರೆ ಜಾತಿ. ಯುಎಸ್‌ಬಿ ಕೇಬಲಿನಲ್ಲಿ ಕ್ಯಾಮೆರಾ ಜೋಡಿಸಿಟ್ಟರೆ ಕ್ಯಾಮೆರಾದ ಪ್ರೊಸೆಸರೇ ಪರಿವರ್ತನೆ ಮಾಡಿಕೊಡುತ್ತದೆ, ಕಂಪ್ಯೂಟರು ನೋಡುತ್ತ ಕೂರುತ್ತದೆ.

ಹಳೇ ಲೈಟ್‌ರೂಮನ್ನೇ ಬಳಸಬೇಕೆಂದರೆ ಅಡೋಬಿಯ ಡಿಎನ್‌ಜಿ ಕನ್ವರ್ಟರ್ ನಡುವೆ ಸೇತುವೆಯಾಗುತ್ತದೆ. ಡಿಎನ್‌ಜಿ ಅಡೋಬಿ 2004ರಲ್ಲಿ ತಂದ, ಯಾರು ಬೇಕಾದರೂ ಬಳಸಬಹುದಾದ ಫಾರ್ಮ್ಯಾಟು. ಮೇಲೆ ಹೇಳಿದ ಕತ್ತಲೆ, ಬೆಳಕು, ಬಣ್ಣದ ಅಂಕಿಗಳನ್ನೆಲ್ಲ ಫೈಲಿನೊಳಗೇ ಬರೆದಿಡುತ್ತಾರೆ. ಹಾಗಾಗಿ ಕ್ಯಾಮೆರಾದ ಹೆಸರೇ ಕೇಳದ ಸಾಫ್ಟ್‌ವೇರು ಕೂಡ ಅದನ್ನು ತೆರೆಯುತ್ತದೆ. ಕನ್ವರ್ಟರ್ ಉಚಿತ, ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಇದೆ, ಹೊಸ ಕ್ಯಾಮೆರಾಗಳ ಬೆಂಬಲ ಅದಕ್ಕೆ ಬರುತ್ತಲೇ ಇರುತ್ತದೆ.

ಕನ್ವರ್ಟರಿನ ಕಿಟಕಿಯಲ್ಲಿ ನಾಲ್ಕು ಭಾಗ. ಮೊದಲನೆಯದರಲ್ಲೇ ಜನ ಎಡವುತ್ತಾರೆ. ಅದು ಕೇಳುವುದು ಫೋಲ್ಡರು, ಫೈಲಲ್ಲ. ಫೋಲ್ಡರಿನ ಒಳಗೆ ಹೋದರೆ ಅಲ್ಲಿ ಏನೂ ಇಲ್ಲದಂತೆ ಖಾಲಿ ಕಾಣುತ್ತದೆ, ‘ಫೈಲೇ ಇಲ್ಲ’ ಎಂದು ವಾಪಸ್ಸು ಬರುತ್ತಾರೆ. ಒಳಗೆ ಹೋಗದೆ, ಹೊರಗಿನಿಂದಲೇ ಫೋಲ್ಡರಿನ ಹೆಸರನ್ನು ಆರಿಸಿ ಒಪ್ಪಿಗೆ ಒತ್ತಬೇಕು. ಒಳಫೋಲ್ಡರುಗಳೂ ಇದ್ದರೆ ಅದರ ಕೆಳಗಿನ ಗುರುತು ಹಾಕಿ. ಎರಡನೆಯದರಲ್ಲಿ ಬೇರೆ ಫೋಲ್ಡರು ಕೊಡಿ, ಮೂಲದ ಜೊತೆ ಬೆರೆಸಬೇಡಿ. ಹೆಸರು ಬದಲಿಸುವ ಮೂರನೆಯ ಭಾಗವನ್ನು ಇದ್ದಂತೆಯೇ ಬಿಟ್ಟರೆ ಜೆಪೆಗ್ ಮತ್ತು ಡಿಎನ್‌ಜಿಯ ಹೆಸರು ಹೊಂದುತ್ತದೆ.

ನಾಲ್ಕನೆಯದು ಪ್ರಿಫರೆನ್ಸಸ್, ತಾಳ್ಮೆಯಿಂದ ನೋಡಬೇಕಾದ್ದು ಇಲ್ಲಿ. ಕಂಪ್ಯಾಟಿಬಿಲಿಟಿ ಎಂಬಲ್ಲಿ ‘ಕ್ಯಾಮೆರಾ ರಾ 7.1 ಮತ್ತು ನಂತರ’ ಎಂದು ಆರಿಸಿ. ಲೈಟ್‌ರೂಮ್ 6ಕ್ಕೂ ಫೋಟೋಶಾಪ್ ಸಿಎಸ್6ಕ್ಕೂ ಅದು ಸಾಕು. ಅಲ್ಲಿ ಹೊಸ ಆವೃತ್ತಿಯನ್ನೇ ಬಿಟ್ಟು, ಲಾಸಿ (ಒಂದಿಷ್ಟು ವಿವರ ಬಿಡುವ) ಒತ್ತಡಕ್ಕೂ ಗುರುತು ಹಾಕಿದರೆ ಹಳೇ ಸಾಫ್ಟ್‌ವೇರಿಗೆ ಬಾರದ ಒತ್ತಡ ವಿಧಾನದಲ್ಲಿ ಫೈಲು ತಯಾರಾಗಬಹುದು. ಅಲ್ಲಿಗೆ ಮೊದಲಿನ ಸಮಸ್ಯೆಯೇ ಇನ್ನೊಂದು ಹೆಸರಿನಲ್ಲಿ ಬಂದು ಕೂರುತ್ತದೆ. ಲಾಸಿಗೆ ಗುರುತು ಬೇಡ. ‘ಲಿನಿಯರ್’ ಎಂಬುದಕ್ಕೂ ಬೇಡ. ಅದು ಬಿಂದುಗಳನ್ನು ಮೂರು ಬಣ್ಣಕ್ಕೆ ಬಿಡಿಸಿ ಬರೆಯುತ್ತದೆ, ಫೈಲು ಊದುತ್ತದೆ, ಮುಂದೆ ಡೆಮೊಸೈಕ್ ಎಂಬ ಈ ಬಿಡಿಸುವ ಕೆಲಸಕ್ಕೆ ಒಳ್ಳೆಯ ವಿಧಾನ ಬಂದರೂ ಬಳಸಲಾಗದು. ಮೂಲ ರಾ ಫೈಲನ್ನು ಡಿಎನ್‌ಜಿಯೊಳಗೇ ತುಂಬಿಡುವ ಆಯ್ಕೆಯೂ ಇದೆ. ಗಾತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಮೂಲವನ್ನು ಪಕ್ಕದಲ್ಲಿ ಇಟ್ಟುಕೊಂಡವರಿಗೆ ಅದರಿಂದ ಲಾಭವಿಲ್ಲ.

ಡಿಎನ್‌ಜಿ ಮಾಡಿದ ಮೇಲೆ ಸಿಆರ್3 ಅಳಿಸಿ ಜಾಗ ಉಳಿಸುತ್ತೇನೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡಿಎನ್‌ಜಿಯನ್ನು ಮತ್ತೆ ಸಿಆರ್3 ಮಾಡಲು ಆಗುವುದಿಲ್ಲ, ಕ್ಯಾನನ್‌ನ ಸಾಫ್ಟ್‌ವೇರು ಅದನ್ನು ತೆರೆಯುವುದೂ ಇಲ್ಲ. ಇನ್ನು ಜಾಗದ ಲೆಕ್ಕ: ಕ್ಯಾಮೆರಾದಲ್ಲಿ ಸಿರಾ ಎಂಬ ಒತ್ತಿದ ರಾ ಆಯ್ಕೆಯಲ್ಲಿ ತೆಗೆದ ಫೈಲು ಡಿಎನ್‌ಜಿ ಆದಾಗ ಕುಗ್ಗುವ ಬದಲು ಹಿಗ್ಗುತ್ತದೆ. ಸಿರಾ ಒಂದಿಷ್ಟು ವಿವರ ಬಿಟ್ಟು ಒತ್ತುತ್ತದೆ. ಕನ್ವರ್ಟರು ಅದನ್ನು ಬಿಚ್ಚಿ, ಏನನ್ನೂ ಬಿಡದೆ ಮತ್ತೆ ಕಟ್ಟುತ್ತದೆ.

ಲಿನಕ್ಸ್‌ನಲ್ಲಿರುವವರಿಗೆ ಡಿಎನ್‌ಜಿಲ್ಯಾಬ್ ಎಂಬ ಮುಕ್ತ ತಂತ್ರಾಂಶ ಇದೇ ಕೆಲಸ ಮಾಡುತ್ತದೆ, ಸಿಆರ್3 ಅದಕ್ಕೆ ಚೆನ್ನಾಗಿ ಗೊತ್ತು. ಡಿಎನ್‌ಜಿ ಬೇಡ, ನೇರವಾಗಿಯೇ ತೆರೆಯಬೇಕು ಅಂದರೆ ಡಾರ್ಕ್‌ಟೇಬಲ್ ಇದೆ. ಸಿಆರ್3 ಬೆಂಬಲ ಅದಕ್ಕೆ ಬಂದದ್ದು 2021ರ ಡಿಸೆಂಬರಿನ 3.8ರಲ್ಲಿ, ಲಿಬ್‌ರಾ ಎಂಬ ಲೈಬ್ರರಿಯ ಮೂಲಕ. ಲಿಬ್‌ರಾದ ಬೇರು ಡೇವ್ ಕಾಫಿನ್ 1997ರಲ್ಲಿ ಬರೆಯಲು ಶುರುಮಾಡಿದ ಡಿಸಿರಾದಲ್ಲಿದೆ. ಡಿಸಿರಾದ ಕೊನೆಯ ಆವೃತ್ತಿ 2018ರ 9.28, ಸಿಆರ್3ಗೆ ಅದನ್ನು ನೆಚ್ಚಬೇಡಿ. ತಮ್ಮ ಲಿನಕ್ಸ್ ಬಗೆಯ (ಡಿಸ್ಟ್ರೋದ) ಭಂಡಾರದಿಂದ ಡಾರ್ಕ್‌ಟೇಬಲ್ ಹಾಕಿಕೊಂಡವರಿಗೆ ಎರಡು ತೊಡಕು. ಒಂದು, ಅಲ್ಲಿರುವುದು ಹಲವು ವೇಳೆ ಹಳೆಯ ಆವೃತ್ತಿ. ಡಾರ್ಕ್‌ಟೇಬಲ್ ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರಿನ ಹೊತ್ತಿಗೆ ಬಿಡುಗಡೆಯಾಗುತ್ತದೆ, ಹೊಸ ಕ್ಯಾಮೆರಾಗಳು ಆಗ ಪಟ್ಟಿ ಸೇರುತ್ತವೆ. ಫ್ಲಾಟ್‌ಪ್ಯಾಕ್ ಅಥವಾ ಆಪ್‌ಇಮೇಜ್ ಎಂಬ ಸಿದ್ಧ ಕಟ್ಟನ್ನು ಇಳಿಸಿಕೊಂಡರೆ ಕಾಯುವ ಗೋಜಿಲ್ಲ. ಎರಡು, ಚಿತ್ರ ತೆರೆಯುತ್ತದೆ, ಆದರೆ ಐಎಸ್‌ಓ, ಶಟರ್, ಲೆನ್ಸಿನ ಹೆಸರು ಎಲ್ಲ ಖಾಲಿ. ಮೆಟಾಡೇಟಾ, ಅಂದರೆ ಈ ವಿವರಗಳನ್ನು ಓದುವ ಎಕ್ಸಿವ್2 ಲೈಬ್ರರಿಯಲ್ಲಿ ಎಂಪಿ4 ವಂಶದ ಡಬ್ಬಿ ಬಿಚ್ಚುವ ಭಾಗವನ್ನು ಕಟ್ಟುವಾಗಲೇ ಸೇರಿಸಿರಬೇಕು. ಪೇಟೆಂಟಿನ ಅಳುಕಿನಿಂದ ಕೆಲವರು ಬಿಟ್ಟಿರುತ್ತಾರೆ. ಲೆನ್ಸಿನ ಹೆಸರು ಬಾರದಿದ್ದರೆ ತಿದ್ದುಪಡಿ ತಾನಾಗಿ ಆಗುವುದಿಲ್ಲ, ಐಎಸ್‌ಓ ಬಾರದಿದ್ದರೆ ನಾಯ್ಸ್ ಕಡಿಮೆ ಮಾಡುವ ಪ್ರೊಫೈಲು ಕೂರುವುದಿಲ್ಲ.

ಬೇರೆ ಕಂಪನಿಯವರಿಗೆ ಒಂದೆರಡು ಮಾತು. ನಿಕಾನ್ ಝಡ್9 ಜೊತೆ 2021ರಲ್ಲಿ ಬಂದ ‘ಹೈ ಎಫಿಶಿಯೆನ್ಸಿ’ ಎನ್‌ಇಎಫ್ (ನಿಕಾನ್‌ನ ರಾ ಫೈಲು) ಮುಕ್ತ ಸಾಫ್ಟ್‌ವೇರುಗಳಿಗೆ ಬಹಳ ಕಾಲ ಕಬ್ಬಿಣದ ಕಡಲೆಯಾಗಿತ್ತು. ಅವನ್ನು ಬಳಸುವವರು ಮೆನುವಿನಲ್ಲಿ ಲಾಸ್‌ಲೆಸ್ ಆರಿಸಿಕೊಂಡರೆ ಕ್ಷೇಮ. ಸೋನಿಯ ಹಳೆಯ ಒತ್ತಿದ ರಾ 16 ಬಿಂದುಗಳನ್ನು 16 ಬೈಟಿನಲ್ಲಿ ತುರುಕುತ್ತದೆ. ಕಪ್ಪು ಆಕಾಶದಲ್ಲಿ ನಕ್ಷತ್ರದ ಗೆರೆಯಂಥ ತೀಕ್ಷ್ಣ ಅಂಚಿನ ಪಕ್ಕದಲ್ಲಿ ಕೊಳೆ ಕಂಡರೆ ಅದರ ಕೆಲಸ ಅದು. ಫ್ಯೂಜಿಯ ಎಕ್ಸ್-ಟ್ರಾನ್ಸ್ ಸೆನ್ಸರಿನಲ್ಲಿ ಬಣ್ಣದ ವಿನ್ಯಾಸ 2×2 ಅಲ್ಲ, 6×6. ಎಲೆ ಹುಲ್ಲು ಹುಳುಹುಳುವಾಗಿ ಕಂಡರೆ ಡೆಮೊಸೈಕ್‌ನಲ್ಲಿ ಮಾರ್ಕೆಸ್ಟೈನ್ ಮೂರು ಸುತ್ತಿನದ್ದನ್ನು ಆರಿಸಿ, ಶಾರ್ಪನಿಂಗ್ ತಗ್ಗಿಸಿ.

ಫೈಲು ತೆರೆಯಿತು ಅನ್ನಿ. ಮೊದಲ ನೋಟಕ್ಕೆ ಬೇಸರವಾಗುತ್ತದೆ. ಅರೆಕ್ಷಣ ಚೆಂದದ ಚಿತ್ರ ಮಿಂಚಿ, ಕೂಡಲೇ ಕಳೆಗುಂದುತ್ತದೆ. ಮಿಂಚಿದ್ದು ಒಳಗಿನ ಜೆಪೆಗ್, ಆಮೇಲೆ ಬಂದದ್ದು ನಿಜವಾದ ರಾ. ಆರ್50ರ ಜೊತೆ ಬರುವ 18-45 ಲೆನ್ಸಿನಲ್ಲಿ ಇನ್ನೂ ಒಂದು ಅಚ್ಚರಿ ಕಾದಿರುತ್ತದೆ. 18 ಎಂಎಂನಲ್ಲಿ ಬಾಗಿಲ ಚೌಕಟ್ಟು, ಕಂಬ ಎಲ್ಲ ಹೊಟ್ಟೆಯುಬ್ಬಿಸಿ ನಿಲ್ಲುತ್ತವೆ. ಕ್ಯಾಮೆರಾ ಜೆಪೆಗ್‌ನಲ್ಲಿ ಇದನ್ನು ಸದ್ದಿಲ್ಲದೆ ನೇರ ಮಾಡಿರುತ್ತದೆ, ರಾದಲ್ಲಿ ನಾವೇ ಮಾಡಬೇಕು. ಡಾರ್ಕ್‌ಟೇಬಲಿನಲ್ಲಿ ಲೆನ್ಸುಗಳ ದೋಷದ ಅಳತೆಯಿರುವ ಲೆನ್ಸ್‌ಫನ್ ದತ್ತಾಂಶವನ್ನು ಅಪ್‌ಡೇಟ್ ಮಾಡಿ ನೋಡಿ. ಲೆನ್ಸು ಅದರಲ್ಲೂ ಇಲ್ಲದಿದ್ದರೆ ಕಂಪನಿಯ ಸಾಫ್ಟ್‌ವೇರಿನಲ್ಲಿ 16 ಬಿಟ್ ಟಿಫ್ ಮಾಡಿಸಿಕೊಂಡು ಮುಂದುವರಿಯುವುದೇ ದಾರಿ.

ಮದುವೆ ಮನೆಯ ಚಿತ್ರಗಳಲ್ಲಿ ರಾದ ಬೆಲೆ ತಿಳಿಯುತ್ತದೆ, ತೊಂದರೆಯೂ ಅಲ್ಲೇ. ಕೆಂಪು ರೇಷ್ಮೆ ಸೀರೆಯ ಮಡಿಕೆಗಳು ಮಾಯವಾಗಿ ಒಂದೇ ಕೆಂಪಿನ ತೇಪೆ ಹಾಕಿದಂತೆ ಕಾಣುತ್ತದೆ. ಇದನ್ನು ಓವರ್ ಎಕ್ಸ್‌ಪೋಸ್ ಎಂದು ತಳ್ಳಿಹಾಕುವ ಮುಂಚೆ ರಾ ಹಿಸ್ಟೋಗ್ರಾಮಿನಲ್ಲಿ ಕೆಂಪೊಂದನ್ನೇ ನೋಡಿ. ಅಲ್ಲಿ ಗೋಡೆಗೆ ತಾಗದಿದ್ದರೆ ದತ್ತಾಂಶ ಸುರಕ್ಷಿತ, ಪರದೆಗಳ ಸಾಮಾನ್ಯ ಬಣ್ಣವ್ಯಾಪ್ತಿಯಾದ ಎಸ್‌ಆರ್‌ಜಿಬಿಗೆ ಇಳಿಸುವಾಗ ಆ ಕೆಂಪು ಅದರಲ್ಲಿ ಹಿಡಿಸುತ್ತಿಲ್ಲ ಅಷ್ಟೆ. ಒಟ್ಟು ಎಕ್ಸ್‌ಪೋಶರ್ ಇಳಿಸುವ ಬದಲು ಕೆಂಪಿನ ಸ್ಯಾಚುರೇಶನ್ ತಗ್ಗಿಸುತ್ತ ಬಂದರೆ ಮಡಿಕೆ, ಜರಿಯ ಬುಟ್ಟಾ ಒಂದೊಂದಾಗಿ ಮರಳುತ್ತವೆ. ವೇದಿಕೆಯ ನೀಲಿ ಎಲ್ಇಡಿ ಇದಕ್ಕಿಂತ ಮೊಂಡು. ಶುದ್ಧ ನೀಲಿ ಬೆಳಕು ಬಣ್ಣದ ಲೆಕ್ಕಾಚಾರದಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿ ಹುಟ್ಟಿಸುತ್ತದೆ, ಮುಖದ ಮೇಲೆ ಕಪ್ಪು ಕಲೆ ಬೀಳುತ್ತದೆ. ಡಾರ್ಕ್‌ಟೇಬಲಿನ ಇನ್‌ಪುಟ್ ಪ್ರೊಫೈಲಿನಲ್ಲಿರುವ ಗ್ಯಾಮಟ್ (ಬಣ್ಣವ್ಯಾಪ್ತಿ) ಮಿತಿಯನ್ನು ಆನ್ ಮಾಡಿದರೆ, ಕಲರ್ ಕ್ಯಾಲಿಬ್ರೇಶನ್‌ನಲ್ಲಿ ಗ್ಯಾಮಟ್ ಕಂಪ್ರೆಶನ್ ಏರಿಸಿದರೆ ಬಹಳಷ್ಟು ಹಿಡಿತಕ್ಕೆ ಬರುತ್ತದೆ.

ಹೊರತೆಗೆಯುವಾಗ ಫೋಟೋಶಾಪಿನಲ್ಲಿ ಕೆಲಸ ಬಾಕಿ ಇದ್ದರೆ 16 ಬಿಟ್ ಟಿಫ್, ಒಂದಕ್ಕೆ 144 ಎಂಬಿ. ಕೆಲಸ ಮುಗಿದಿದ್ದರೆ ಎಸ್‌ಆರ್‌ಜಿಬಿ ಜೆಪೆಗ್, ಗುಣಮಟ್ಟ 90 ಸಾಕು. ಫೈಲಿನ ಹೆಸರು ಅಡಿಗೆರೆಯಿಂದ ಶುರುವಾಗಿದ್ದರೆ ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಎಂಬ ಇನ್ನೂ ಅಗಲವಾದ ಬಣ್ಣವ್ಯಾಪ್ತಿ ಸೆಟ್ ಆಗಿದೆ ಎಂದರ್ಥ. ರಾಗೆ ಅದರಿಂದ ಬಾಧೆಯಿಲ್ಲ, ಜೊತೆಗೆ ಬಿದ್ದ ಜೆಪೆಗ್ ಮಾತ್ರ ಫೋನಿನಲ್ಲಿ ಸಪ್ಪೆ ಕಾಣಬಹುದು. 12×36 ಇಂಚಿನ ಆಲ್ಬಮ್ ಹಾಳೆಯ ಪೂರ್ತಿ ಅಗಲಕ್ಕೆ ಒಂದೇ ಚಿತ್ರ ಹಾಕುವವರು ಲೆಕ್ಕ ಹಾಕಿಕೊಳ್ಳಿ: 300 ಡಿಪಿಐಗೆ 10800 ಬಿಂದು ಬೇಕು, ಇರುವುದು 6000. ಅಂದರೆ ಇಂಚಿಗೆ 166ರಷ್ಟು. ಕೈಯಲ್ಲಿ ಹಿಡಿದು ನೋಡುವ ಆಲ್ಬಮಿಗೆ ನಡೆಯುತ್ತದೆ, ಅದರ ಮೇಲೆ ಮತ್ತೆ ಕ್ರಾಪ್ ಮಾಡಿದರೆ ನಡೆಯುವುದಿಲ್ಲ.

ಕಾರ್ಡು ಕೈಕೊಟ್ಟ ಫೈಲುಗಳೂ ನಡುವೆ ಸೇರಿಕೊಂಡಿರಬಹುದು. ವ್ಯೂವರಿನಲ್ಲಿ ಅವು ಸಂಪೂರ್ಣ ಸರಿ ಕಾಣುತ್ತವೆ, ಯಾಕೆಂದರೆ ಕಾಣುವುದು ಜೆಪೆಗ್. ರಾ ಬಿಚ್ಚಿದಾಗ ಅರ್ಧ ಚಿತ್ರದ ಕೆಳಗೆ ಗುಲಾಬಿ ಪಟ್ಟಿ ಅಥವಾ ಬರೀ ಕಪ್ಪು. ಇಡೀ ಫೋಲ್ಡರನ್ನು ಒಮ್ಮೆ ಡಿಎನ್‌ಜಿಗೆ ಓಡಿಸಿದರೆ ಇಂಥವುಗಳಲ್ಲಿ ಹೆಚ್ಚಿನವು ಎರರ್ ಕೊಟ್ಟು ಬಯಲಾಗುತ್ತವೆ. ಕಾರ್ಡು ಇನ್ನೂ ಫಾರ್ಮ್ಯಾಟ್ ಆಗಿಲ್ಲದಿದ್ದರೆ ಬೇರೆ ರೀಡರಿನಲ್ಲಿ ಹಾಕಿ ಮತ್ತೆ ನಕಲು ಮಾಡಿ ನೋಡಲು ಅವಕಾಶ ಉಳಿದಿರುತ್ತದೆ.

ಮೆಟಾಡೇಟಾದಲ್ಲಿ ಕ್ಯಾಮೆರಾದ ಹೆಸರನ್ನು ಹಳೆಯ ಮಾದರಿಗೆ ಬದಲಿಸಿ ಸಾಫ್ಟ್‌ವೇರನ್ನು ಏಮಾರಿಸುವ ಉಪಾಯವೊಂದು ಓಡಾಡುತ್ತಿದೆ. ಎನ್‌ಇಎಫ್, ಎಆರ್‌ಡಬ್ಲ್ಯೂಗಳಲ್ಲಿ, ಎರಡೂ ಮಾದರಿಗೆ ಒಂದೇ ಸೆನ್ಸರು ಇದ್ದರೆ, ನಕಲಿನ ಮೇಲೆ ಮಾಡಿದರೆ ಕೆಲಸ ನಡೆಯುವುದುಂಟು. ಲೈಟ್‌ರೂಮ್ 6ಕ್ಕೆ ಸಿಆರ್3 ಡಬ್ಬಿಯ ಪರಿಚಯವೇ ಇಲ್ಲದ ಕಾರಣ ಅಲ್ಲಿ ಇದು ನಡೆಯದು. ಅದಕ್ಕಿಂತ, ನಿಮ್ಮ ಮಾದರಿ ಡಾರ್ಕ್‌ಟೇಬಲಿನ ಪಟ್ಟಿಯಲ್ಲಿ ಇನ್ನೂ ಇಲ್ಲದಿದ್ದರೆ ರಾ ಪಿಕ್ಸಲ್ಸ್ ಯುಎಸ್ ತಾಣಕ್ಕೆ ಮಾದರಿ ಫೈಲು ಏರಿಸಿ. ಯಾರದೂ ಮುಖವಿಲ್ಲದ, ಬೆಳಕು ಚೆನ್ನಾಗಿರುವ, ಕದಲದ ಚಿತ್ರವಾಗಿರಲಿ. ಒತ್ತಿದ್ದು-ಒತ್ತದ್ದು, 12 ಬಿಟ್-14 ಬಿಟ್, ಹೀಗೆ ಮೆನುವಿನಲ್ಲಿರುವ ಪ್ರತಿ ರಾ ಆಯ್ಕೆಗೂ ಒಂದೊಂದು ಬೇಕು. ಕಾರ್ಡಿನಿಂದ ಬಂದ ಫೈಲನ್ನು ಹೆಸರು ಬಿಟ್ಟು ಬೇರೇನೂ ಮುಟ್ಟದೆ ಕೊಡಬೇಕು. ಒಳಗೆ ಸ್ಟಾರ್ ರೇಟಿಂಗ್ ಬರೆಸಿದ ಫೈಲು ಕೂಡ ಅವರಿಗೆ ಬೇಡ.